ಸರಾಸರಿಯ ನೆರಳಿನಲ್ಲಿ

ಭಾರತ ಹುಣ್ಣಿಮೆ ಬಂತೆಂದರೆ ನಮ್ಮ ಉಗರಗೋಳದ ದಾರಿಗಳೆಲ್ಲ ಎಲ್ಲಮ್ಮನ ಗುಡ್ಡದ ಕಡೆಗೇ ಮುಖ ಮಾಡುತ್ತವೆ. ಅಧ್ಯಾಪಕ ವೃತ್ತಿಯ ನಿಮಿತ್ತ ಧಾರವಾಡದಲ್ಲಿ ನೆಲೆಸಿದ ನಾನು ಆ ದಿನಕ್ಕೆ ಊರಿಗೆ ಬರುವುದನ್ನು ಬಿಟ್ಟಿಲ್ಲ. ಬಾಲ್ಯದಲ್ಲಿ ಕಂಡ ಚಕ್ಕಡಿಗಳು ಇಂದಿಗೂ ಬರುತ್ತವೆ. ಅವುಗಳ ಹಿಂದೆ ಮುಂದೆ ಬಸ್ಸು, ಟ್ರ್ಯಾಕ್ಟರು, ಕಾರುಗಳ ಸಾಲು.

ಈಚಿನ ಒಂದು ಹುಣ್ಣಿಮೆಯಂದು ಮನೆಯ ಕಟ್ಟೆಯ ಮೇಲೆ ಕುಳಿತು ಈ ಸಾಲನ್ನು ನೋಡುತ್ತಿದ್ದೆವು. ಅಮೆರಿಕದಲ್ಲಿ ನೌಕರಿಯಲ್ಲಿರುವ ನನ್ನ ಅಣ್ಣನ ಮಗ, “ಕಾಕಾ, ಇಂಗಾಲದ ಡೈಆಕ್ಸೈಡ್ ಬಿಡೋದ್ರಾಗ ನಮ್ಮ ದೇಶ ಜಗತ್ತಿನಾಗ ಮೂರನೇದ್ದು ಐತಿ, ಗೊತ್ತೇನ್ರಿ?” ಎಂದ.

ಮಾತು ಚುಚ್ಚಿತು. ಜೀವಮಾನವೆಲ್ಲ ಗಣಿತ ಕಲಿಸಿದವನು ಸುಮ್ಮನಿರುವುದುಂಟೇ? ಕಾಗದ ತರಿಸಿದೆ.

ಅವನ ಅಂಕಿಗಳು ಸುಳ್ಳಲ್ಲ. 2023ರಲ್ಲಿ ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳ ಬಳಕೆಯಿಂದ ಮತ್ತು ಸಿಮೆಂಟ್ ತಯಾರಿಕೆಯಿಂದ ಚೀನ ಸುಮಾರು 1,200 ಕೋಟಿ ಟನ್, ಅಮೆರಿಕ ಸುಮಾರು 490 ಕೋಟಿ ಟನ್, ಭಾರತ ಸುಮಾರು 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಸೇರಿಸಿದವು. ಆದರೆ ನಲವತ್ತು ಜನರ ಕೂಡುಕುಟುಂಬದಲ್ಲಿ ಹೆಚ್ಚು ಜೋಳ ಖರ್ಚಾಗುತ್ತದೆಂದು ಆ ಮನೆಯವರನ್ನು ಹೊಟ್ಟೆಬಾಕರೆನ್ನಬಹುದೇ? ಒಬ್ಬೊಬ್ಬರಿಗೆ ಎಷ್ಟು ರೊಟ್ಟಿ ಎಂಬುದನ್ನು ಎಣಿಸಬೇಕು. ಹಾಗೆ ಭಾಗಿಸಿದಾಗ ಅಮೆರಿಕದ ಒಬ್ಬನ ಪಾಲು ವರ್ಷಕ್ಕೆ ಸುಮಾರು 14 ಟನ್, ಚೀನದವನದು 8 ಟನ್ನಿಗೂ ಹೆಚ್ಚು, ಭಾರತೀಯನದು ಸುಮಾರು 2 ಟನ್. ಜಗತ್ತಿನ ಸರಾಸರಿಯೇ 5 ಟನ್ನಿಗೆ ಸಮೀಪವಾಗಿದೆ.

ಇನ್ನು ಹಳೆಯ ಬಾಕಿ. ಈ ಅನಿಲದ ಒಂದು ಭಾಗ ನೂರಾರು ವರ್ಷ ಗಾಳಿಯಲ್ಲಿಯೇ ಉಳಿಯುತ್ತದೆ; ಅಜ್ಜ ಮಾಡಿದ ಸಾಲ ಮೊಮ್ಮಗನ ಕಾಲಕ್ಕೂ ಖಾತೆಯಲ್ಲಿ ಉಳಿದಂತೆ. ಕೈಗಾರಿಕಾ ಯುಗದ ಆರಂಭದಿಂದ ಕೂಡಿದ ಮೊತ್ತದಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು. ಭಾರತದ್ದು ನೂರಕ್ಕೆ ಮೂರು ನಾಲ್ಕು ಮಾತ್ರ. ಬಡವನ ಬದುಕಿಗೆ ಅನಿವಾರ್ಯವಾದುದನ್ನೂ ಸಿರಿವಂತನ ಭೋಗದಿಂದ ಹೊಮ್ಮಿದುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಹಾಗೂ ಸುನೀತಾ ನಾರಾಯಣ್ ಅವರು 1991ರಲ್ಲಿಯೇ ವಾದಿಸಿದ್ದರು. ಹೊಣೆ ಎಲ್ಲರದಾದರೂ ಎಲ್ಲರ ಪಾಲೂ ಸಮನಲ್ಲವೆಂಬ ತತ್ತ್ವವನ್ನು 1992ರ ರಿಯೋ ಸಮ್ಮೇಳನದಲ್ಲಿ ಸಹಿಗೆ ಬಂದ ಒಪ್ಪಂದವೂ ಎತ್ತಿ ಹಿಡಿಯಿತು.

ಇಷ್ಟೆಲ್ಲ ಕೇಳಿದ ಹುಡುಗ ಮೆಲ್ಲನೆ ನಕ್ಕು, “ಲೆಕ್ಕ ಖರೆ ಐತಿ ಕಾಕಾ. ಆದ್ರ ಆ ಎರಡು ಟನ್ನು ನಿಮ್ದೇನ್ರಿ?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ವರ್ಷವಷ್ಟೇ ವಿಮಾನದಲ್ಲಿ ಅವನ ಮನೆಗೆ ಹೋಗಿ ಬಂದಿದ್ದೆ. ಆ ಒಂದೇ ಪ್ರವಾಸದಲ್ಲಿ ನನ್ನ ಪಾಲಿಗೆ ಬಂದದ್ದು ಒಬ್ಬ ಭಾರತೀಯನ ಇಡೀ ವರ್ಷದ ಸರಾಸರಿಗಿಂತ ಕಡಿಮೆಯೇನಲ್ಲ. ಧಾರವಾಡದ ಮನೆಯಲ್ಲಿ ಕಾರಿದೆ, ಏರ್ ಕಂಡೀಷನರ್ ಇದೆ. ಇತ್ತ ನಮ್ಮ ಹೊಲವನ್ನು ಪಾಲಿಗೆ ಮಾಡುವ ಕುಟುಂಬದಲ್ಲಿ ಮೂರು ದೀಪ, ಒಂದು ಫ್ಯಾನು. ಗುಡ್ಡಕ್ಕೆ ಹೋಗುವುದೂ ಚಕ್ಕಡಿಯಲ್ಲಿಯೇ. ದೇಶದ ಸರಾಸರಿಯನ್ನು ತಗ್ಗಿಸಿದವರು ಅವರು. ಅದರ ನೆರಳಿನಲ್ಲಿ ತಂಪಾಗಿ ಕುಳಿತು ವಾದಿಸಿದವನು ನಾನು!

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗಗಳಿಗೆ ನೀರು ನುಗ್ಗಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವಾದವು. ಒಂದೊಂದು ಮಳೆ, ಒಂದೊಂದು ಬರವನ್ನೂ ಈ ಅನಿಲದ ತಲೆಗೇ ಕಟ್ಟಲಾಗದು. ಆದರೆ ಗಾಳಿ ಕಾದಷ್ಟೂ ಹೆಚ್ಚು ನೀರನ್ನು ಹಿಡಿದು ಒಮ್ಮೆಲೇ ಸುರಿಸುತ್ತದೆ, ನೆಲವನ್ನೂ ಬೇಗ ಒಣಗಿಸುತ್ತದೆ ಎಂಬುದು ವಿಜ್ಞಾನ ತಿಳಿಸಿದ ಸತ್ಯ. ಆ ಪೆಟ್ಟು ಮೊದಲು ಬೀಳುವುದು ಮೂರು ದೀಪದ ಮನೆಯ ಮೇಲೆ.

ದೇಶದ ಪರವಾಗಿ ಆಡಿದ ಮಾತಿನಲ್ಲಿ ಒಂದನ್ನೂ ನಾನು ಹಿಂದೆಗೆದುಕೊಳ್ಳಲಾರೆ. ಆದರೆ ದೇಶ ದೇಶಗಳ ನಡುವೆ ಬೇಡುವ ನ್ಯಾಯವನ್ನು ಮನೆ ಮನೆಗಳ ನಡುವೆ ಮರೆಯುವುದು ಸರಿಯಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಪೆಟ್ರೋಲು ಹಾಗೂ ವಿದ್ಯುತ್ತಿನ ಲೆಕ್ಕವನ್ನೂ ಬರೆಯುತ್ತೇವೆ. ಓದುಗ ಬಂಧುಗಳೂ ಒಂದು ತಿಂಗಳು ಬರೆದು ನೋಡಲಿ. ಪುಟದ ಕೆಳಗಿನ ಮೊತ್ತ ಯಾರ ಸರಾಸರಿಯೂ ಅಲ್ಲ, ಅದು ನಮ್ಮದೇ.