ಯಾರೂ ಮುಟ್ಟದ ರೈಡ್

ಮಂಡ್ಯ ಕಡೆಯ ಒಂದು ಊರು. ಹೊನಲು ಬೆಳಕಿನ ಕಬಡ್ಡಿ, ಹೆಣ್ಣುಮಕ್ಕಳ ಪಂದ್ಯ. 12 ಮೀಟರ್ ಉದ್ದ, 8 ಮೀಟರ್ ಅಗಲದ ಮ್ಯಾಟ್ ಪಕ್ಕದಲ್ಲೇ ಐಸ್ ಡಬ್ಬಿ ಇಟ್ಟುಕೊಂಡು ಕೂತಿದ್ದೇನೆ.

ರೈಡಿನ 30 ಸೆಕೆಂಡಿನಲ್ಲಿ ಇಪ್ಪತ್ತು ಕಳೆದಿವೆ. ಹುಡುಗಿ ಎಡಕ್ಕೆ ನುಗ್ಗುತ್ತಾಳೆ. ಕಾರ್ನರಿನವಳು ಪಾದಕ್ಕೆ ಕೈ ಹಾಕಲು ಬಗ್ಗಿದ್ದೇ ತಡ, ಇವಳು ಎಡಗಾಲು ಊರಿ ಗಕ್ಕನೆ ಬಲಕ್ಕೆ ತಿರುಗುತ್ತಾಳೆ. ಮಣ್ಣಿನ ಅಂಕಣವಾಗಿದ್ದರೆ ಪಾದ ಒಂದಿಷ್ಟು ಜಾರುತ್ತಿತ್ತೇನೋ. ಶೂ ಮ್ಯಾಟನ್ನು ಕಚ್ಚಿಕೊಂಡಿದೆ. ಮೈ ತಿರುಗಿತು, ಪಾದ ತಿರುಗಲಿಲ್ಲ, ಮಂಡಿ ಒಳಕ್ಕೆ ವಾಲಿತು.

ಲಟಕ್.

ನನಗೇ ಕೇಳಿಸಿತು. ಅವಳನ್ನು ಇನ್ನೂ ಯಾರೂ ಮುಟ್ಟಿಲ್ಲ.

ಸೊಂಟದ ಕೀಲಿನಲ್ಲಿ ಗುಂಡು ಬಟ್ಟಲೊಳಗೆ ಭದ್ರವಾಗಿ ಕೂತಿರುತ್ತದೆ. ಮಂಡಿಗೆ ಆ ಭಾಗ್ಯವಿಲ್ಲ. ತೊಡೆಮೂಳೆಯ ಎರಡು ಗುಂಡುತುದಿಗಳು ಹೆಚ್ಚುಕಡಿಮೆ ಚಪ್ಪಟೆ ಮಣೆಯ ಮೇಲೆ ನಿಂತಿವೆ. ನಡುವೆ ಮೆತ್ತೆಯಂತೆ ಎರಡು ಮೆನಿಸ್ಕಸ್. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಚದಂತೆ ಒಳಗಿನಿಂದ ಹಿಡಿದಿರುವುದು ಎಸಿಎಲ್ ಎಂಬ ಮಿಣಿ. ಉದ್ದ 3 ಸೆಂಟಿಮೀಟರಿನ ಮೇಲೆ ಚೂರು, ದಪ್ಪ ಕಿರುಬೆರಳಿನಷ್ಟು.

ಹತ್ತು ನಿಮಿಷಕ್ಕೆಲ್ಲ ಅವಳು, "ನೋವು ಕಮ್ಮಿಯಾಯ್ತು, ಎದ್ದೇಳ್ಲಾ?" ಅನ್ನುತ್ತಾಳೆ. ನನಗೆ ಭಯ ಈ ಮಾತಿನದೇ. ಮೊದಲು ಬಲಗಾಲು. ಮಂಡಿ ತುಸು ಮಡಿಸಿ, ಒಂದು ಕೈಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮೀನಖಂಡದ ಹಿಂದಿನಿಂದ ಮುಂದಕ್ಕೆ ಎಳೆಯುತ್ತೇನೆ. ಒಳಗೆ ಏನೋ ಗಟ್ಟಿಯಾಗಿ ತಡೆಯುತ್ತದೆ. ಎಡಗಾಲು. ಎಳೆದಷ್ಟೂ ಬರುತ್ತದೆ. ತಡೆಯೇ ಇಲ್ಲ.

"ಉಳುಕು ಕಣಮ್ಮ, ಎಣ್ಣೆ ಹಾಕಿ ನೀವಿದ್ರೆ ನಾಳೆಗೆ ಸರಿ," ಎಂದು ಅವಳ ಮಾವ ಶೀಸೆ ಹಿಡಿದು ಬಂದಿದ್ದಾರೆ. ಪ್ರೀತಿಯಿಂದಲೇ ಬಂದಿದ್ದಾರೆ. ನೀವಿದರೆ ಇದು ಕೂಡುವುದಿಲ್ಲ; ಪೂರ್ತಿ ಹರಿದ ಎಸಿಎಲ್ ತಾನಾಗಿ ಕೂಡುತ್ತದೆಂದು ನಂಬಿ ಕೂರುವಂತಿಲ್ಲ. ಕೆಲವು ವಾರದಲ್ಲಿ ಊತ ಇಳಿಯುತ್ತದೆ, ನೇರ ನಡೆದರೆ ಏನೂ ಅನ್ನಿಸದು, ಮತ್ತೆ ಮ್ಯಾಟಿಗೆ ಇಳಿಯುತ್ತಾಳೆ. ಮುಂದಿನ ತಿರುವಿನಲ್ಲಿ ಸಡಿಲ ಮಂಡಿ ಮೆನಿಸ್ಕಸ್ಸನ್ನೂ ಅರೆದುಬಿಡಬಹುದು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಕಟ್ಟಿದರೂ ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು.

ಹುಡುಗರಿಗಿಂತ ಹುಡುಗಿಯರಿಗೆ ಈ ಏಟು ಹೆಚ್ಚು. ಹೇಗೆ ನೆಗೆದು ಇಳಿಯಬೇಕು, ತಿರುಗುವಾಗ ಮಂಡಿಯನ್ನು ಪಾದದ ನೇರಕ್ಕೆ ಹೇಗೆ ಇಟ್ಟುಕೊಳ್ಳಬೇಕು ಎಂದು ವಾರಕ್ಕೆ ಎರಡು ಮೂರು ದಿನ ಕಲಿಸಿದರೂ ಅಪಾಯ ಎಷ್ಟೋ ತಗ್ಗುತ್ತದೆ. ಈ ಸಂಜೆ ಇವರು ಮಾಡಿದ್ದು ಮೈದಾನದ ಸುತ್ತ ಎರಡು ಸುತ್ತು ಓಟ, ಅಷ್ಟೇ.

ಮುಕ್ಕಾಲು ಗಂಟೆಯಾಗಿದೆ. ಮಂಡಿಚಿಪ್ಪಿನ ಎರಡೂ ಬದಿಯ ಕುಳಿಗಳು ಮುಚ್ಚಿಹೋಗಿವೆ, ಒಳಗೆ ರಕ್ತ ತುಂಬುತ್ತಿದೆ. ಐಸ್ ಚೀಲ ಸರಿಸಿ ಮಾವನ ಅಂಗೈಯನ್ನು ಬಲಮಂಡಿಯ ಮೇಲಿಡುತ್ತೇನೆ, ಆಮೇಲೆ ಎಡಮಂಡಿಯ ಮೇಲೆ.

"ಬಿಗಿದುಕೊಂಡೈತೆ," ಅನ್ನುತ್ತಾರೆ. ಶೀಸೆಯ ಬಿರಡೆ ತಿರುಗಿಸಿ ಜೇಬಿಗೆ ಹಾಕಿಕೊಂಡು, ಗಾಡಿ ತರಲು ಓಡುತ್ತಾರೆ.