ಪುನರ್ವಸು ಮಳೆಯೂ ಪೆನ್ಸಿಲ್ ರಬ್ಬರೂ

ಕರೆಂಟು ಹೋಗಿ ಎರಡು ದಿನವಾಗಿತ್ತು. ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಹಲಸಿನ ಬೀಜ ಸುಡುತ್ತಿದ್ದೆವು. ಬೆಂಗಳೂರಿಂದ ಬಂದಿದ್ದ ಅಣ್ಣನ ಮಗ, 'ಲ್ಯಾಪ್‌ಟಾಪ್ ಬಹಳ ನಿಧಾನ ಆಗಿದೆ ಚಿಕ್ಕಪ್ಪ, ಹೊಸದೇ ತಗೋಬೇಕು' ಅಂದ. 'ಮೊದಲು ಮುಚ್ಚಳ ತೆಗೆದು ನೋಡು ಮಾರಾಯ' ಅಂದೆ. ಅಂದ ಮೇಲೆ 2009ರ ಮಳೆಗಾಲದ ಕಥೆ ಹೇಳದೆ ವಿಧಿಯಿರಲಿಲ್ಲ.

ಆಗ ನಮ್ಮ ಮನೆಯಲ್ಲಿ 2004ರಲ್ಲಿ ಕೊಂಡ ಕಂಪ್ಯೂಟರಿತ್ತು. ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಹಟ ಹಿಡಿದ ಸೀಮೆಯಲ್ಲವೇ, ನಾವೂ ನುಡಿ ಹಾಕಿಸಿಕೊಂಡು ತೋಟದ ಆಳುಗಳ ಲೆಕ್ಕವನ್ನೆಲ್ಲ ಕನ್ನಡದಲ್ಲೇ ಬರೆದಿಡುತ್ತಿದ್ದೆವು. ಅದರಲ್ಲಿದ್ದದ್ದು 256 ಎಂಬಿ ರ‍್ಯಾಮ್. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ 128 ಇದ್ದರೆ ಸಾಕು ಅಂತಿದ್ದರು. ವರ್ಷ ಕಳೆದಂತೆ ಆಂಟಿವೈರಸ್ಸು, ಅಪ್‌ಡೇಟು ಅಂತ ಉಣ್ಣುವ ಬಾಯಿ ಹೆಚ್ಚಿದವು. ಬಟವಾಡೆ ಪಟ್ಟಿ ತೆರೆಯಲು ಒತ್ತಿ ಎದ್ದು ಹೋದರೆ, ದೊಡ್ಡಪ್ಪ ಒಂದು ಲೋಟ ಕಾಫಿ ಕುಡಿದು ಕವಳ ಹಾಕಿ ಬರುವಷ್ಟು ಹೊತ್ತು.

'ಹೊರನಾಡಿಗೆ ಬಂದೋರು ಯಾರೂ ಹಸಕೊಂಡು ಹೋಗಲ್ಲ. ನಮ್ಮನೇಲಿ ಇದೊಂದು ಮಾತ್ರ ಹಸಕೊಂಡೇ ಕೂತಿದೆ ನೋಡು' ಅನ್ನುತ್ತಿದ್ದರು ಅವರು.

ಅವರಿಗೆ ನಾನು ಕಣದ ಲೆಕ್ಕದಲ್ಲಿ ಹೇಳಿದ್ದೆ. ಹಾರ್ಡ್ ಡಿಸ್ಕು ಅಂದರೆ ಗೋಡೌನು, ರ‍್ಯಾಮ್ ಅಂದರೆ ಕಾಫಿ ಒಣಗಿಸುವ ಕಣ. ಕಣ ಚಿಕ್ಕದಾದರೆ ಒಂದಿಷ್ಟು ಹರವಬೇಕು, ಬಾಚಿ ಒಳಗಿಡಬೇಕು, ಇನ್ನೊಂದಿಷ್ಟು ತಂದು ಹರವಬೇಕು. ಡಿಸ್ಕು ಕರಕರ ಅನ್ನುವುದು ಆ ಹೊರೆ ಹೊತ್ತು ತಿರುಗುವ ಸದ್ದು. 'ಹಂಗಾದ್ರೆ ಕಣ ದೊಡ್ಡದು ಮಾಡು' ಎಂದು ದುಡ್ಡು ಕೊಟ್ಟರು.

ಪುನರ್ವಸು ಮಳೆ ಹಿಡಿದಿತ್ತು. ಚಿಕ್ಕಮಗಳೂರಿಗೆ ಹೋದೆ. ಅಂಗಡಿಯ ಹುಡುಗ 'ಡಿಡಿಆರ್ ಒಂದಾ, ಎರಡಾ?' ಅಂದ. ಗೊತ್ತಿಲ್ಲ ಎನ್ನಲು ನಾಚಿಕೆ. 'ಹೊಸದೇ ಕೊಡಿ' ಅಂದುಬಿಟ್ಟೆ. 512 ಎಂಬಿಯ ಪಟ್ಟಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಂಗಿಯ ಒಳಗಿಟ್ಟುಕೊಂಡು ಕೊನೇ ಬಸ್ಸಿನಲ್ಲಿ ಕಳಸ ದಾಟಿದೆ. ಹೆಬ್ಬಾಳೆಯಲ್ಲಿ ಭದ್ರೆ ಆ ಹಳೇ ತಗ್ಗು ಸೇತುವೆಯನ್ನು ಇನ್ನೇನು ಮುಟ್ಟುವ ಹಾಗಿದ್ದಳು. ಬೆಳಿಗ್ಗೆ ಏಳುವಾಗ ಸೇತುವೆ ಮುಳುಗಿದ ಸುದ್ದಿ ಬಂತು.

ಪ್ಲಗ್ಗು ಕಿತ್ತು, ಡಬ್ಬದ ಪಕ್ಕೆ ಬಿಚ್ಚಿ, ಹಳೇ ಪಟ್ಟಿಯ ಪಕ್ಕದ ಖಾಲಿ ಸ್ಲಾಟಿಗೆ ಹೊಸದನ್ನಿಟ್ಟೆ. ಕೂರಲಿಲ್ಲ. ತಿರುಗಿಸಿಟ್ಟೆ, ಒತ್ತಿದೆ. ಊಹೂಂ. ದೊಡ್ಡಪ್ಪ ಟಾರ್ಚು ಹಿಡಿದು ನಿಂತಿದ್ದರು. 'ತಡಿ, ಎರಡನ್ನೂ ಕೈಯಲ್ಲಿ ಹಿಡಿ' ಅಂದರು. ಹಳೆಯದನ್ನೂ ಕಳಚಿ ಪಕ್ಕಪಕ್ಕ ಹಿಡಿದೆ. ಉದ್ದ ಒಂದೇ, ಆದರೆ ಅಡಿಯ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿ. ಹಳೆಯದು ಡಿಡಿಆರ್, 184 ಪಿನ್ನಿನದು. ನಾನು ತಂದದ್ದು ಡಿಡಿಆರ್ 2, 240 ಪಿನ್ನಿನದು. ಯಾರೂ ತಪ್ಪಿ ತುರುಕದಿರಲಿ ಎಂದೇ ಆ ಕಚ್ಚು ಇಟ್ಟಿರುತ್ತಾರೆ. ನಾನು ಅದರ ಮೇಲೆ ಬಲ ತೋರಿಸುತ್ತಿದ್ದೆ.

ಸರಿ, ಹಳೆಯದನ್ನೇ ಮತ್ತೆ ಕೂರಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು. ಒಳಗಿಂದ ಬೀಪ್... ಬೀಪ್... ಎಂದು ನಿಲ್ಲದ ಕೂಗು. ಮಾರನೇ ದಿನ ಬಟವಾಡೆ. ಲೆಕ್ಕವಿರುವುದು ಡಿಸ್ಕಿನಲ್ಲಿ, ಅದಕ್ಕೇನೂ ಆಗಿಲ್ಲ ಎಂದು ಗೊತ್ತಿದ್ದರೂ ಗೋಡೌನಿನ ಬೀಗದ ಕೈ ಹೊಳೆಗೆ ಬಿದ್ದ ಹಾಗಾಯಿತು.

ದೊಡ್ಡಪ್ಪ ಪಟ್ಟಿಯನ್ನು ಟಾರ್ಚಿಗೆ ಹಿಡಿದು ನೋಡಿದರು. ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. 'ಈ ಮಳೇಲಿ ಚಪ್ಪಲಿಗೆ ಬೂಷ್ಟು, ಪೆಟ್ಟಿಗೆಯೊಳಗಿನ ಸೀರೆಗೆ ಬೂಷ್ಟು. ಇದನ್ನ ಬಿಡ್ತದಾ?' ಅಂದರು. ಮಗಳ ಕಂಪಾಸ್ ಪೆಟ್ಟಿಗೆಯಿಂದ ಪೆನ್ಸಿಲ್ ರಬ್ಬರು ತಂದು ಎರಡೂ ಬದಿಯ ಹಲ್ಲನ್ನು ಮೆಲ್ಲಗೆ ಉಜ್ಜಿದೆ, ಪುಡಿ ಕೊಡವಿದೆ. ಡಬ್ಬದ ಕಬ್ಬಿಣ ಒಮ್ಮೆ ಮುಟ್ಟಿ, ಎರಡೂ ಕಿವಿ ಟಕ್ಕೆಂದು ಕಚ್ಚುವವರೆಗೆ ಪಟ್ಟಿಯನ್ನು ಸಮನಾಗಿ ಒತ್ತಿದೆ. ಈ ಸಲ ಒಂದೇ ಒಂದು ಬೀಪ್. ಕಪ್ಪು ಪರದೆಯ ಮೇಲೆ ಅಂಕಿ ಓಡಿ 262144ಕ್ಕೆ ನಿಂತಿತು. ಎಂಬಿಯನ್ನು ಕೆಬಿ ಮಾಡಿದರೆ ಅದೇ ನಮ್ಮ 256.

ಹೊಳೆ ಇಳಿದ ಮೇಲೆ ಮತ್ತೆ ಚಿಕ್ಕಮಗಳೂರಿಗೆ ಹೋದೆ. ಈ ಸಲ ಹಳೇ ಪಟ್ಟಿಯ ಮೇಲಿದ್ದ ಚೀಟಿಯನ್ನು ಅಕ್ಷರ ಬಿಡದೆ ಬರೆದುಕೊಂಡಿದ್ದೆ. ಹುಡುಗ ಬದಲಾಯಿಸಿಕೊಟ್ಟ, ಮೇಲೆ ಇನ್ನಷ್ಟು ದುಡ್ಡೂ ಕೇಳಿದ. ಕಂಪನಿಗಳು ಹಳೇ ಡಿಡಿಆರ್ ಮಾಡುವುದನ್ನು ಕಮ್ಮಿ ಮಾಡಿದ್ದರಿಂದ ಹೊಸದಕ್ಕಿಂತ ಅದಕ್ಕೇ ಬೆಲೆ ಜಾಸ್ತಿ. ಮನೆಗೆ ಬಂದು ಕೂರಿಸಿದೆ. ಅಂಕಿ 786432ರವರೆಗೆ ಓಡಿತು. ಬಟವಾಡೆ ಪಟ್ಟಿ ಒತ್ತಿದ್ದೇ ತಡ ಕಣ್ಣಮುಂದೆ ಬಂತು.

ಅಡುಗೆಮನೆ ಕಡೆಗೆ ಹೆಜ್ಜೆ ಇಟ್ಟಿದ್ದ ದೊಡ್ಡಪ್ಪ ಅರ್ಧದಲ್ಲೇ ನಿಂತರು. 'ಛೆ, ಇನ್ನು ಕಾಫಿಗೆ ಬೇರೆ ನೆವ ಹುಡುಕಬೇಕಲ್ಲೋ' ಅಂದರು.

ಕಥೆ ಮುಗಿಯುವಷ್ಟರಲ್ಲಿ ಬೂದಿಯೊಳಗಿನ ಬೀಜವೊಂದು ಢಬ್ಬೆಂದು ಸಿಡಿಯಿತು. ಅಣ್ಣನ ಮಗ ಎದ್ದು ಒಳಗೆ ಹೋದ. ಲ್ಯಾಪ್‌ಟಾಪ್ ತರುತ್ತಾನೆ ಅಂದುಕೊಂಡೆ. ಬಾಗಿಲಿಂದಲೇ ಕೂಗಿ ಕೇಳಿದ: 'ಚಿಕ್ಕಪ್ಪ, ಸಣ್ಣ ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದೀರಿ?'