ಗೋಧಿಯ ಅಂಟು

2019ರಲ್ಲಿ ಮಗಳು ಹಳೆಯ ಕಾಗದಪತ್ರಗಳ ದುರಸ್ತಿ ಕಲಿಯಲು ಇಂಟರ್ನ್‌ಶಿಪ್ ಎಂದು ಇಟಲಿಯ ಫ್ಲಾರೆನ್ಸಿಗೆ ಹೋದಳು. ಅಲ್ಲಿ ಬೇಸಿಗೆ, ನಮಗಿಲ್ಲಿ ಜಡಿಮಳೆ. "ಹರಿದ ಪುಸ್ತಕ ಅಂಟಿಸೋದಕ್ಕೆ ಅಷ್ಟು ದೂರವೇ?" ಎಂದು ನಾದಿನಿ ಕೇಳಿದಾಗ ನನಗೂ ಉತ್ತರ ಹೊಳೆಯಲಿಲ್ಲ.

ಉತ್ತರ ಅವಳ ಫೋನಿನಲ್ಲಿ ಬಂತು. 1966ರ ನವೆಂಬರ್ 4ರಂದು ಆರ್ನೋ ನದಿ ಊರಿಗೇ ನುಗ್ಗಿ, ದಡದಲ್ಲಿದ್ದ ರಾಷ್ಟ್ರೀಯ ಗ್ರಂಥಾಲಯದ ಲಕ್ಷಗಟ್ಟಲೆ ಪುಸ್ತಕಗಳು ಕೆಸರುಪಾಲಾದವಂತೆ. ದೇಶವಿದೇಶಗಳ ಹುಡುಗ ಹುಡುಗಿಯರು ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ ಮೇಲೆ ತಂದರು. 'ಕೆಸರಿನ ದೇವದೂತರು' ಎಂಬ ಹೆಸರೇ ಅವರಿಗೆ ಉಳಿಯಿತು. ಹಾಳೆಗಳನ್ನು ತೊಳೆದು, ಒಣಗಿಸಿ, ಹರಿದಲ್ಲಿ ತೆಳುವಾದ ಜಪಾನಿ ಕಾಗದವನ್ನು ಗೋಧಿಪಿಷ್ಟದ ಅಂಟಿನಿಂದ ಕೂಡಿಸುತ್ತಾರೆ. (ಶಾಲೆಯ ಚಾರ್ಟಿಗೆ ನಾವು ಮೈದಾ ಕುದಿಸುತ್ತಿದ್ದೆವಲ್ಲ, ಅದರ ಅಕ್ಕ!) ನಾಳೆ ಯಾರಾದರೂ ಬಿಡಿಸಬೇಕೆಂದರೆ ನೀರು ತಾಗಿಸಿದರೆ ಬಿಡಬೇಕು, ಬಿಡದಂಥ ಅಂಟು ಕೂಡದು.

ಮರಳಿ ಬಂದವಳು ಕೇಳಿದ್ದು ನನ್ನ ಅಮ್ಮನ ಹಾಡಿನ ಪುಸ್ತಕ. ಸೂರಿನ ನೀರು ಬಿದ್ದು ಮಸಿ ಹರಡಿತ್ತು. ಜೆರಾಕ್ಸ್ ಅಂಗಡಿಯವನು ಲ್ಯಾಮಿನೇಷನ್ ಮಾಡಿಸಿ ಎಂದಿದ್ದ. ಇವಳು ಸುತರಾಂ ಒಪ್ಪಲಿಲ್ಲ. "ಮಸಿ ನೀರಿಗೆ ಓಡುತ್ತೆ ಅಮ್ಮ, ತೊಳೆಯೋದೂ ಬೇಡ." ಮೆತ್ತನೆಯ ಬ್ರಷ್ಷಿನಿಂದ ದೂಳು ಕೊಡವುತ್ತಾ ಕೂತಳು. ಮೂರನೆಯ ದಿನ, ಆರತಿ ಹಾಡೊಂದರ ಅಂಚಿನಲ್ಲಿ, ಹಾಲಿನವನ ಲೆಕ್ಕದ ಕೆಳಗೆ, ಅಮ್ಮನ ಅಕ್ಷರದಲ್ಲಿ ನಾನು ಹುಟ್ಟಿದ ದಿನ, ಗಳಿಗೆ ಕಂಡಿತು. ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖಿಗಿಂತ ಏಳು ತಿಂಗಳು ಈಚಿನದು. ಆ ಹಾಳೆಗೆ ಮಗಳು ಇನ್ನೂ ಅಂಟು ಹಚ್ಚಿಲ್ಲ.